ಪ್ರಾಣವನ್ನು ಪಣಕ್ಕಿಟ್ಟು ದುಡಿಯಬಹುದೇ?

ಮನುಷ್ಯ ತನ್ನ ಅನ್ನವನ್ನು ಅನೇಕ ಬಗೆಯಲ್ಲಿ ಸಂಪಾದಿಸುತ್ತಾನೆ. ನಮ್ಮ ಬೀದರ್ ಜಿಲ್ಲೆಯನ್ನೇ ನೋಡಿ. ಭಾಲ್ಕಿ, ಔರಾದ, ಮೆಹಕರ ಸೀಮೆಯ ರೈತ ಮಳೆಯನ್ನು ನಂಬಿ ಕಪ್ಪು ನೆಲದಲ್ಲಿ ತೊಗರಿ, ಸೋಯಾ ಬಿತ್ತುತ್ತಾನೆ. ಕಬ್ಬು ಕಡಿಯುವವರು ಹಾವು ಹರಿದಾಡುವ ಗದ್ದೆಗೆ ನಸುಕಿನಲ್ಲೇ ಇಳಿಯುತ್ತಾರೆ. ಲಾರಿ ಚಾಲಕ ನಿದ್ದೆಗೆಟ್ಟು ಹೈದರಾಬಾದಿಗೋ ಲಾತೂರಿಗೋ ಸರಕು ಮುಟ್ಟಿಸುತ್ತಾನೆ. ಬಹಮನಿ ಅರಸರ ಕಾಲದಲ್ಲಿ ಬೀದರಿಗೆ ನೀರು ತರಲೆಂದು ಕರೇಜ್ ಸುರಂಗಗಳನ್ನು ಅಗೆದ ಕೂಲಿಗಳು ಮೇಲಿನ ಮಣ್ಣು ಯಾವಾಗ ಕುಸಿದೀತೋ ಎಂಬ ಭಯದ ನಡುವೆಯೇ ಅಗೆದಿರಬೇಕು. ಇವರೆಲ್ಲರ ದುಡಿಮೆಯಲ್ಲಿ ಅಪಾಯವಿದೆ. ಆದರೆ ಇವರಾರೂ ಅಪಾಯವನ್ನು ಹುಡುಕಿಕೊಂಡು ಹೋದವರಲ್ಲ. ಅನ್ನವನ್ನು ಹುಡುಕಿಕೊಂಡು ಹೋದಾಗ ಅಪಾಯ ದಾರಿಯಲ್ಲಿ ಎದುರಾಯಿತು, ಅಷ್ಟೆ.

ಇನ್ನೊಂದು ಬಗೆಯ ದುಡಿಮೆ ಇದೆ. ಅಲ್ಲಿ ಅಪಾಯ ದಾರಿಯಲ್ಲಿ ಸಿಗುವ ಮುಳ್ಳಲ್ಲ, ದಾರಿಯೇ ಅದು. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸಿ ಸಂಬಳ ಪಡೆಯುವ ರೇಸ್ ಚಾಲಕನ ದುಡಿಮೆ ಅಂಥದು. ಅವನು ತರುವ ಸರಕಿಲ್ಲ, ತಲುಪಿಸುವ ಊರಿಲ್ಲ. ಹೊರಟಲ್ಲಿಗೇ ಮರಳಿ ಬರುತ್ತಾನೆ, ಮತ್ತೆ ಹೊರಡುತ್ತಾನೆ. ಹೀಗೆ ಸುತ್ತುವುದಕ್ಕಾಗಿ ದೇವರು ಕೊಟ್ಟ ಪ್ರಾಣವನ್ನು ಪಣಕ್ಕಿಡುವುದು ಸರಿಯೇ? ಇದು ಪಾಪವೇ, ಶೌರ್ಯವೇ, ಬರೀ ಒಂದು ವೃತ್ತಿಯೇ? ನಮ್ಮ ಮನೆಯ ಮಗನೋ ಮಗಳೋ “ನಾನು ರೇಸ್ ಚಾಲಕನಾಗುತ್ತೇನೆ” ಎಂದರೆ ನಾವು ಏನು ಉತ್ತರ ಕೊಡಬೇಕು?

‘ಇದು ನಮ್ಮೂರಿಗೆ ಸಂಬಂಧಿಸಿದ್ದಲ್ಲ, ಶ್ರೀಮಂತರ ಆಟ’ ಎಂದು ಪುಟ ತಿರುವಿಬಿಡಬೇಡಿ. ಈ ಪ್ರಶ್ನೆಯ ಕೊನೆಯ ತುದಿ ಮೆಹಕರದ ರಸ್ತೆಗೇ ಬಂದು ನಿಲ್ಲುತ್ತದೆ.

ಈ ವೃತ್ತಿ ಎಂದರೆ ಏನು?

ದೂರದಿಂದ ನೋಡುವವರಿಗೆ ರೇಸ್ ಚಾಲಕನೆಂದರೆ ಹುಂಬ ಧೈರ್ಯದವನು. ಹತ್ತಿರದಿಂದ ನೋಡಿದರೆ ಚಿತ್ರವೇ ಬೇರೆ. ಏಳೆಂಟು ವರ್ಷಕ್ಕೇ ಗೋ-ಕಾರ್ಟ್ ಎಂಬ ಪುಟ್ಟ ಗಾಡಿಯಲ್ಲಿ ಅಭ್ಯಾಸ ಆರಂಭ. ಬಳಿಕ ಫಾರ್ಮುಲಾ 4, ಫಾರ್ಮುಲಾ 3, ಫಾರ್ಮುಲಾ 2 ಎಂಬ ಮೆಟ್ಟಿಲುಗಳು. ಮೆಟ್ಟಿಲು ಮೇಲೇರಿದಂತೆ ಖರ್ಚು ಕೋಟಿ ಲೆಕ್ಕದಲ್ಲಿ ಬೆಳೆಯುತ್ತದೆ. ಇಷ್ಟೆಲ್ಲ ದಾಟಿ ಫಾರ್ಮುಲಾ ಒನ್ ಎಂಬ ಶಿಖರ ಮುಟ್ಟಿದರೆ ಅಲ್ಲಿರುವುದು ಜಗತ್ತಿಗೆಲ್ಲ ಸೇರಿ ಇಪ್ಪತ್ತು, ಇಪ್ಪತ್ತೆರಡು ಆಸನ. ನಮ್ಮ ದೇಶದಿಂದ ಅಲ್ಲಿ ಓಟಕ್ಕಿಳಿದವರು ಇಬ್ಬರು ಮಾತ್ರ: 2005ರಲ್ಲಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಚೆನ್ನೈನ ಕರುಣ್ ಚಂದೋಕ್.

ನಮ್ಮ ಕರ್ನಾಟಕದವರೂ ಈ ಮೆಟ್ಟಿಲು ಹತ್ತಿದ್ದಾರೆ. ಬೆಂಗಳೂರಿನ ಅರ್ಜುನ್ ಮೈನಿ ಮತ್ತು ಕುಶ್ ಮೈನಿ ಒಡಹುಟ್ಟಿದವರು. ಅಣ್ಣ ಅರ್ಜುನ್ 2018ರಲ್ಲಿ ಫಾರ್ಮುಲಾ 2ರಲ್ಲಿ ಓಡಿದರು, ಅನಂತರ ಜರ್ಮನಿಯ ಡಿಟಿಎಂ ಸರಣಿಗೆ ಹೋದರು. ತಮ್ಮ ಕುಶ್ 2025ರ ಮೇ 24ರಂದು ಮೊನಾಕೊದ ಇಕ್ಕಟ್ಟಾದ ಬೀದಿಗಳಲ್ಲಿ ನಡೆದ ಫಾರ್ಮುಲಾ 2 ಸ್ಪ್ರಿಂಟ್ ಓಟವನ್ನು ಗೆದ್ದು, ಅಲ್ಲಿ ಗೆದ್ದ ಮೊದಲ ಭಾರತೀಯರೆನಿಸಿದರು. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 2015ರಲ್ಲಿ ಮೋಟಾರ್ ಸೈಕಲ್ ಮೇಲೆ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ.

ತಿರುವಿನಲ್ಲಿ ಚಾಲಕನ ತಲೆ ಮತ್ತು ಹೆಲ್ಮೆಟ್ಟನ್ನು ಅವುಗಳ ತೂಕದ ನಾಲ್ಕೈದು ಪಟ್ಟು ಬಲ ಪಕ್ಕಕ್ಕೆ ಎಳೆಯುತ್ತದೆ. ಅದನ್ನು ತಾಳಲು ಕುತ್ತಿಗೆಯನ್ನು ವರ್ಷಗಟ್ಟಲೆ ಗಟ್ಟಿಮಾಡಬೇಕು. ಸೆಖೆಯ ಓಟವೊಂದರಲ್ಲಿ ಎರಡು ಮೂರು ಕಿಲೋ ತೂಕ ಬೆವರಾಗಿ ಇಳಿದುಹೋಗುವುದುಂಟು. ನಿದ್ದೆ, ಊಟ, ಮಾತು ಎಲ್ಲದಕ್ಕೂ ಶಿಸ್ತು. ಕುಡಿದು ಕುಣಿಯುವವನು ಈ ವೃತ್ತಿಯಲ್ಲಿ ಉಳಿಯಲಾರ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಓಟಗಾರನ ಸಂಯಮವನ್ನು ನಮ್ಮ ಮುಂದೆ ಮಾದರಿಯಾಗಿ ಇಡುತ್ತಾರಲ್ಲವೇ? ಬಾಡಿಹೋಗುವ ಹೂಮಾಲೆಗಾಗಿ ಅವನು ಅಷ್ಟು ನೋಯಬಲ್ಲನಾದರೆ, ಬಾಡದ ಕಿರೀಟಕ್ಕಾಗಿ ನಾವೆಷ್ಟು ಶ್ರಮಿಸಬೇಕು ಎಂಬುದು ಅವರ ವಾದದ ತಿರುಳು. ಆ ಸಂಯಮವನ್ನು ಗೌರವಿಸದೆ ಈ ವೃತ್ತಿಯನ್ನು ತೂಗಲು ಹೊರಡುವುದು ನ್ಯಾಯವಲ್ಲ.

ತಕ್ಕಡಿಯ ಇನ್ನೊಂದು ತಟ್ಟೆ

ಆದರೆ ಮತ್ತೊಂದು ತಟ್ಟೆಯಲ್ಲಿ ಶವಪೆಟ್ಟಿಗೆಗಳಿವೆ.

1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಒಂದು ಕಾರು ಚಿಮ್ಮಿ ಜನಸಂದಣಿಯೊಳಗೆ ಚೂರುಚೂರಾಗಿ ಬಿತ್ತು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಚಾಲಕ ಒಬ್ಬನೇ, ಉಳಿದವರೆಲ್ಲ ನೋಡಲು ಬಂದಿದ್ದವರು. ಆ ದುರಂತದ ತರುವಾಯ ಸ್ವಿಟ್ಜರ್ಲೆಂಡ್ ಇಂಥ ಓಟಗಳನ್ನು ನಿಷೇಧಿಸಿತು, ನಿಷೇಧ ದಶಕಗಳ ಕಾಲ ಉಳಿಯಿತು. 1957ರ ಮೇ 12ರಂದು ಇಟಲಿಯ ಮಿಲ್ಲೆ ಮಿಲಿಯ ಓಟದಲ್ಲಿ ಫೆರಾರಿ ಕಾರೊಂದರ ಚಕ್ರ ಸಿಡಿದು ಇಬ್ಬರು ಸವಾರರೂ ರಸ್ತೆಬದಿಯ ಒಂಬತ್ತು ಮಂದಿಯೂ ತೀರಿಕೊಂಡರು. ಆ ಒಂಬತ್ತರಲ್ಲಿ ಐದು ಎಳೆಯ ಮಕ್ಕಳು.

1994ರ ಏಪ್ರಿಲ್ 30ರಂದು ಇಟಲಿಯ ಇಮೋಲಾದಲ್ಲಿ ಆಸ್ಟ್ರಿಯಾದ ರೋಲಂಡ್ ರಾಟ್ಸೆನ್‌ಬರ್ಗರ್ ಅರ್ಹತಾ ಸುತ್ತಿನ ವೇಳೆ ಸತ್ತರು. ಆ ದಿನ ಓಟದ ವೈದ್ಯರಾದ ಸಿಡ್ ವಾಟ್ಕಿನ್ಸ್, ಕಣ್ಣೀರಿಡುತ್ತಿದ್ದ ಬ್ರೆಜಿಲ್‌ನ ಆಯರ್ಟನ್ ಸೆನ್ನಾರಿಗೆ, ‘ಮೂರು ಸಲ ವಿಶ್ವಚಾಂಪಿಯನ್ ಆಗಿದ್ದೀಯ, ಇನ್ನು ಸಾಕು, ಬಿಟ್ಟುಬಿಡು’ ಎಂಬ ಅರ್ಥದಲ್ಲಿ ಬುದ್ಧಿ ಹೇಳಿದರು. ಬಿಡಲು ನನ್ನಿಂದಾಗದು ಎಂಬುದೇ ಸೆನ್ನಾ ಕೊಟ್ಟ ಉತ್ತರ. ಮರುದಿನ ಮೇ 1ರಂದು ಅದೇ ಪಥದಲ್ಲಿ ಅವರೂ ಸತ್ತರು. ವಯಸ್ಸು 34. ಸೆನ್ನಾ ದೈವಭಕ್ತರು, ಪವಿತ್ರ ಬೈಬಲ್ಲನ್ನು ತಪ್ಪದೆ ಓದುತ್ತಿದ್ದವರು. ದೇವರ ಪ್ರೀತಿಯಿಂದ ನಮ್ಮನ್ನು ಯಾವುದೂ ಅಗಲಿಸದು ಎಂದು ರೋಮನರಿಗೆ ಬರೆದ ಪತ್ರದ 8ನೆಯ ಅಧ್ಯಾಯ ಸಾರುವ ಭರವಸೆಯನ್ನೇ ಅವರ ಸಮಾಧಿಯ ಮೇಲೆ ಕೆತ್ತಲಾಗಿದೆ. ಭಕ್ತಿಯಿದ್ದರೆ ಅಪಘಾತವಾಗದು ಎಂದು ಯಾರಾದರೂ ಹೇಳಿದರೆ ಈ ಸಮಾಧಿಯನ್ನು ನೆನೆಯಿರಿ.

ನಮ್ಮ ಹತ್ತಿರದಲ್ಲೂ ಇಂಥದು ನಡೆದಿದೆ. 2023ರ ಜನವರಿ 8ರಂದು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಪಥದಲ್ಲಿ 59 ವರ್ಷದ ಅನುಭವಿ ಚಾಲಕ ಕೆ.ಇ. ಕುಮಾರ್ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್ 5ರಂದು, ಅದೇ ಪಥದಲ್ಲಿ ಬೆಂಗಳೂರಿನ ಶ್ರೇಯಸ್ ಹರೀಶ್ ಮೋಟಾರ್ ಸೈಕಲ್ ಓಟದಲ್ಲಿ ಬಿದ್ದು ಪ್ರಾಣ ಬಿಟ್ಟ. ಅವನಿಗೆ ವಯಸ್ಸು ಹದಿಮೂರು.

ಧರ್ಮಸಭೆ ಹೇಳಿದ್ದೇನು?

ಇಷ್ಟು ಸಾವುಗಳನ್ನು ಕಂಡ ಮೇಲೆ ಧರ್ಮಸಭೆ ಈ ಆಟವನ್ನು ಸಾರಾಸಗಟಾಗಿ ಪಾಪವೆಂದು ಸಾರಿತೇ? ಇಲ್ಲ. ಕಣ್ಣುಮುಚ್ಚಿ ಹರಸಿತೇ? ಅದೂ ಇಲ್ಲ.

1950ರ ದಶಕದ ಕೊನೆಯಲ್ಲಿ ಒಬ್ಬರ ಹಿಂದೊಬ್ಬರಂತೆ ಯುವ ಚಾಲಕರು ಸಾಯುತ್ತಿದ್ದಾಗ ವ್ಯಾಟಿಕನ್ನಿನ ಪತ್ರಿಕೆ ‘ಲೊಸ್ಸೆರ್ವತೋರೆ ರೊಮಾನೊ’ ಕಾರುಗಳ ಒಡೆಯ ಎಂಜೊ ಫೆರಾರಿಯನ್ನು, ಪುರಾಣದಲ್ಲಿ ಹೆತ್ತ ಮಕ್ಕಳನ್ನೇ ನುಂಗುವ ಸ್ಯಾಟರ್ನ್ ದೇವತೆಗೆ ಹೋಲಿಸಿ ಖಂಡಿಸಿತು. ಮೂವತ್ತು ವರ್ಷಗಳು ಕಳೆದವು. 1988ರ ಜೂನ್‌ನಲ್ಲಿ ಜಗದ್ಗುರು ದ್ವಿತೀಯ ಜಾನ್ ಪೌಲರು ಅದೇ ಫೆರಾರಿಯ ಫಿಯೊರಾನೊ ಪಥಕ್ಕೆ ಭೇಟಿಯಿತ್ತು ಅಲ್ಲಿನ ಕೆಲಸಗಾರರನ್ನು ಆಶೀರ್ವದಿಸಿದರು. ಹಾಸಿಗೆ ಹಿಡಿದಿದ್ದ ಮುದುಕ ಫೆರಾರಿ ಜಗದ್ಗುರುಗಳೊಡನೆ ಫೋನಿನಲ್ಲಷ್ಟೇ ಮಾತಾಡಲು ಸಾಧ್ಯವಾಯಿತು. ಅದೇ ಆಗಸ್ಟ್‌ನಲ್ಲಿ ಆತ ಕಣ್ಣುಮುಚ್ಚಿದ.

ಒಂದು ಕಡೆ ಖಂಡನೆ, ಇನ್ನೊಂದು ಕಡೆ ಆಶೀರ್ವಾದ. ಇದು ಇಬ್ಬಗೆಯ ಮಾತೇ? ಹಾಗೆ ನೋಡಬೇಕಿಲ್ಲ. ಖಂಡನೆ ಬಿದ್ದದ್ದು ಮನುಷ್ಯನನ್ನು ಯಂತ್ರದ ಉರುವಲಾಗಿ ಬಳಸುವುದರ ಮೇಲೆ. ಆಶೀರ್ವಾದ ಸಿಕ್ಕಿದ್ದು ಮನುಷ್ಯನ ದುಡಿಮೆಗೆ, ಕೌಶಲಕ್ಕೆ. ಒಂದೇ ಕಾರ್ಖಾನೆಯಲ್ಲಿ ಎರಡೂ ಇರಬಲ್ಲವು. ಯಾವುದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂದು ಬೇರ್ಪಡಿಸುವುದೇ ಮನಸ್ಸಾಕ್ಷಿಯ ಕೆಲಸ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ಕೆಲಸಕ್ಕೆ ಕೆಲವು ಅಳತೆಗೋಲುಗಳನ್ನು ಕೊಡುತ್ತದೆ. ಗಂಭೀರವಾದ ಕಾರಣವಿಲ್ಲದೆ ಯಾರನ್ನೂ ಪ್ರಾಣಾಪಾಯಕ್ಕೆ ಒಡ್ಡಬಾರದು ಎನ್ನುತ್ತದೆ ಅದು. ದೇಹವನ್ನೂ ಕ್ರೀಡೆಯ ಯಶಸ್ಸನ್ನೂ ವಿಗ್ರಹವಾಗಿಸಿ ಪೂಜಿಸುವುದನ್ನು ಒಪ್ಪುವುದಿಲ್ಲ. ಕುಡಿತದಿಂದಾಗಲಿ ವೇಗದ ಹುಚ್ಚಿನಿಂದಾಗಲಿ ರಸ್ತೆಯಲ್ಲಿ ತನ್ನ ಮತ್ತು ಇತರರ ಸುರಕ್ಷತೆಗೆ ಅಪಾಯ ತರುವವನು ಗುರುತರ ಅಪರಾಧಿ ಎಂದು ಸ್ಪಷ್ಟವಾಗಿ ಹೇಳುತ್ತದೆ. 2018ರ ಜೂನ್ 1ರಂದು ಕ್ರೀಡೆಯ ಕುರಿತು ವ್ಯಾಟಿಕನ್ ಹೊರಡಿಸಿದ ದಾಖಲೆ ಇನ್ನೊಂದು ಮಾತು ಸೇರಿಸಿತು: ದೇಹಕ್ಕೆ ಅನಿವಾರ್ಯವಾಗಿ ಭಾರೀ ಹಾನಿ ಮಾಡುವ ಕ್ರೀಡೆಗೆ ನೈತಿಕ ಸಮರ್ಥನೆ ಇರಲಾರದು. ‘ಅನಿವಾರ್ಯವಾಗಿ’ ಎಂಬ ಪದವನ್ನು ಗಮನಿಸಿ. ಅಪಾಯವಿರುವ ಕ್ರೀಡೆ ಬೇರೆ, ಹಾನಿಯನ್ನೇ ಗುರಿಯಾಗಿಸಿಕೊಂಡ ಕ್ರೀಡೆ ಬೇರೆ. ಎದುರಾಳಿಯ ತಲೆಗೆ ಹೊಡೆದು ಕೆಡವುವುದೇ ಗೆಲುವಾದ ಆಟಕ್ಕೂ ಇದಕ್ಕೂ ವ್ಯತ್ಯಾಸವಿದೆ. ರೇಸ್ ಚಾಲಕನ ಗುರಿ ಮೊದಲಿಗನಾಗಿ ಬರುವುದು, ಬದುಕಿ ಬರುವುದು.

ಪರೀಕ್ಷೆಯೋ, ಸಾಹಸವೋ?

ಸೈತಾನನು ಪ್ರಭು ಯೇಸುವನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದ ಪ್ರಸಂಗವನ್ನು ನಾವು ತಪಸ್ಸುಕಾಲದ ಮೊದಲ ಭಾನುವಾರ ಕೇಳುತ್ತೇವೆ. ಕೆಳಕ್ಕೆ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂಬುದು ಅವನ ಪ್ರಲೋಭನೆ. ದೇವರನ್ನು ಪರೀಕ್ಷಿಸಬಾರದು ಎಂಬುದು ಪ್ರಭುವಿನ ಉತ್ತರ. ಅದೇ ಪ್ರಭು ಮುಂದೆ ಜೆರುಸಲೇಮಿಗೆ, ಸಾವಿನ ಬಾಯಿಗೇ, ತಿಳಿದೂ ತಿಳಿದೂ ನಡೆದರು. ಶಿಖರದಿಂದ ಧುಮುಕದವರು ಶಿಲುಬೆಯಿಂದ ಹಿಂಜರಿಯಲಿಲ್ಲ. ಆದ್ದರಿಂದ ಅಪಾಯ ಎದುರಿಸುವುದೇ ತಪ್ಪಲ್ಲ. ಯಾವುದಕ್ಕಾಗಿ, ಎಷ್ಟರಮಟ್ಟಿಗೆ, ಯಾರ ಪ್ರಾಣದ ಮೇಲೆ ಎಂಬುದನ್ನು ಕೇಳಿಕೊಳ್ಳಬೇಕು. ಧೈರ್ಯವೆಂಬ ಸದ್ಗುಣ ಅಂಜಿಕೆಯನ್ನು ಮಾತ್ರವಲ್ಲ, ದುಡುಕನ್ನೂ ಹತೋಟಿಯಲ್ಲಿಡುತ್ತದೆ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸುತ್ತಾರೆ. ಅಂಜುಬುರುಕನಲ್ಲಿ ಆ ಗುಣವಿಲ್ಲ. ಹುಂಬನಲ್ಲಿಯೂ ಇಲ್ಲ.

ಇದಕ್ಕೆ ರೇಸ್ ಪಥದಲ್ಲೇ ಒಂದು ದೃಷ್ಟಾಂತ ಸಿಗುತ್ತದೆ. 1976ರ ಆಗಸ್ಟ್ 1ರಂದು ಜರ್ಮನಿಯಲ್ಲಿ ಆಸ್ಟ್ರಿಯಾದ ನಿಕಿ ಲೌಡಾ ಉರಿಯುವ ಕಾರಿನಲ್ಲಿ ಸಿಕ್ಕಿಬಿದ್ದರು. ಮುಖ, ತಲೆ ಸುಟ್ಟವು, ವಿಷದ ಹೊಗೆ ಶ್ವಾಸಕೋಶ ಸೇರಿತು. ಆಸ್ಪತ್ರೆಯಲ್ಲಿ ಗುರುಗಳು ಬಂದು ಅಂತಿಮ ಸಂಸ್ಕಾರಗಳನ್ನೂ ನೀಡಿದರು. ಆದರೆ ಆರು ವಾರಗಳಲ್ಲಿ, ಗಾಯದ ಪಟ್ಟಿ ಬಿಚ್ಚುವ ಮೊದಲೇ ಅವರು ಇಟಲಿಯ ಮೊನ್ಜಾದಲ್ಲಿ ಓಡಿ ನಾಲ್ಕನೆಯವರಾಗಿ ಬಂದರು. ಜಗತ್ತು ಇದನ್ನು ಮಹಾಧೈರ್ಯವೆಂದು ಹೊಗಳಿತು. ಅದಕ್ಕಿಂತ ದೊಡ್ಡ ಧೈರ್ಯ ಕಂಡದ್ದು ಅಕ್ಟೋಬರ್ 24ರಂದು, ಜಪಾನಿನಲ್ಲಿ. ಆ ವರ್ಷದ ಕೊನೆಯ ಓಟ, ಭಾರೀ ಮಳೆ, ಮುಂದಿನ ಕಾರು ಕಾಣದಷ್ಟು ನೀರು. ವಿಶ್ವಪಟ್ಟ ಕೈಯಳತೆಯಲ್ಲಿತ್ತು. ಎರಡು ಸುತ್ತು ಓಡಿದ ಲೌಡಾ ಕಾರನ್ನು ನಿಲ್ಲಿಸಿ ಇಳಿದುಬಿಟ್ಟರು. ಪಟ್ಟ ಒಂದೇ ಒಂದು ಅಂಕದಿಂದ ಜೇಮ್ಸ್ ಹಂಟ್ ಪಾಲಾಯಿತು. ಹೇಡಿ ಎಂದವರೂ ಇದ್ದರು. ಮರುವರ್ಷ, ಮತ್ತೆ 1984ರಲ್ಲಿ ಆ ಪಟ್ಟ ಅವರಿಗೇ ಬಂತು. 2019ರಲ್ಲಿ, ಎಪ್ಪತ್ತು ವರ್ಷ ತುಂಬಿದ ಮೇಲೆ ಅವರು ತೀರಿಕೊಂಡರು.

2005ರ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿಯೂ ಹೀಗೇ ಆಯಿತು. ತಾನು ಒದಗಿಸಿದ ಟೈರುಗಳು ಅಲ್ಲಿನ ಒಂದು ತಿರುವಿನ ಒತ್ತಡವನ್ನು ತಾಳುತ್ತವೆಂಬ ಭರವಸೆ ಕೊಡಲು ಮಿಷೆಲಿನ್ ಕಂಪನಿಗೆ ಆಗಲಿಲ್ಲ. ಆ ಟೈರಿನ ಹದಿನಾಲ್ಕು ಕಾರುಗಳು ಓಟ ಆರಂಭವಾಗುವ ಮುನ್ನವೇ ಒಳಕ್ಕೆ ತಿರುಗಿದವು. ಟಿಕೆಟ್ಟು ಕೊಂಡು ಬಂದ ಜನ ಕೂಗಿದರು, ಬೈದರು. ಬೇರೆ ಟೈರಿನ ಆರು ಕಾರುಗಳಷ್ಟೇ ಓಡಿದವು. ನಮ್ಮ ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವರಾಗಿ ಐದು ಅಂಕ ಗಳಿಸಿದ್ದು ಅಂದೇ. ನಾವು ಆ ಅಂಕಗಳಿಗೆ ಹೆಮ್ಮೆಪಡುವಾಗ, ಜನರ ಬೈಗುಳ ಕೇಳಿಯೂ ಓಡದೆ ನಿಂತ ಹದಿನಾಲ್ಕು ಮಂದಿಯನ್ನೂ ನೆನೆಯುವುದು ಒಳ್ಳೆಯದು. ನಿಲ್ಲಬೇಕಾದಲ್ಲಿ ನಿಲ್ಲಬಲ್ಲವನ ಕೈಗೇ ವೇಗವನ್ನು ಒಪ್ಪಿಸಬಹುದು.

ಸೆನ್ನಾ ಮತ್ತು ಲೌಡಾ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಒಬ್ಬರು ಸರಿ ಇನ್ನೊಬ್ಬರು ತಪ್ಪು ಎನ್ನುವ ಅಧಿಕಾರ ನಮಗಿಲ್ಲ. ಸೆನ್ನಾ ಆ ಭಾನುವಾರ ಹಿಂದೆ ಸರಿದಿದ್ದರೆ ಇಂದಿಗೂ ಇರುತ್ತಿದ್ದರೇನೋ. ಅವರ ಅಂತರಂಗವನ್ನು ಬಲ್ಲವನು ದೇವರೊಬ್ಬನೇ. ಆದರೆ ‘ಬಿಡಲು ನನ್ನಿಂದಾಗದು’ ಎಂಬ ಮಾತಿನ ಬಗ್ಗೆ ನಾವು ಯೋಚಿಸಬೇಕು. ನಾನು ಮಾಡುವ ಕೆಲಸವನ್ನು ಬಿಡಲು ನನಗೆ ಶಕ್ತಿಯಿಲ್ಲ ಎಂದಾದ ಕ್ಷಣ, ಆ ಕೆಲಸ ನನ್ನ ಒಡೆಯನಾಗಿದೆ. ಇದು ರೇಸ್ ಚಾಲಕನಿಗೆ ಮಾತ್ರ ಅನ್ವಯಿಸುತ್ತದೆಯೇ? ಅಂಗಡಿಯ ಲೆಕ್ಕ, ಊರಿನ ರಾಜಕೀಯ, ಸಾರಾಯಿಯ ಬಾಟಲಿ, ಕೈಯ ಮೊಬೈಲು ಯಾವುದು ಬೇಕಾದರೂ ಹಾಗೆ ನಮ್ಮ ಒಡೆಯನಾಗಬಹುದು.

ಹದಿಮೂರರ ಹರೆಯ

ವಯಸ್ಕನೊಬ್ಬ ತಿಳಿದು, ತೂಗಿ, ರಕ್ಷಣೆಯ ಎಲ್ಲ ಏರ್ಪಾಡಿನೊಂದಿಗೆ ಈ ವೃತ್ತಿಗೆ ಇಳಿದರೆ ಅದನ್ನು ಪ್ರಾಮಾಣಿಕ ದುಡಿಮೆಯೆಂದು ಒಪ್ಪಬಹುದು. ಐವತ್ತೊಂಬತ್ತರ ಕುಮಾರ್ ಅವರಿಗೆ ಪಥದ ಅಪಾಯವೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಸಂತೋಷ್ ಅವರೂ ಹಾಗೆಯೇ. 2020ರಲ್ಲಿ ಅವರ ತಂಡದವರೇ ಆದ ಪೋರ್ಚುಗಲ್ಲಿನ ಪಾವ್ಲೊ ಗೊನ್ಸಾಲ್ವಿಸ್ ಡಕಾರ್ ಓಟದಲ್ಲಿ ಸತ್ತಿದ್ದರು. ಮರುವರ್ಷ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಸಂತೋಷ್ ಬಿದ್ದು, ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧಿಯಿಂದ ಪ್ರಜ್ಞಾಶೂನ್ಯ ಸ್ಥಿತಿಯಲ್ಲಿ ಇಡಬೇಕಾಯಿತು. ದೇವರ ದಯೆ, ಅವರು ಚೇತರಿಸಿಕೊಂಡು ತಾಯ್ನೆಲಕ್ಕೆ ಮರಳಿದರು.

ಹದಿಮೂರರ ಬಾಲಕನ ವಿಷಯದಲ್ಲಿ ಹೀಗೆ ಹೇಳಲಾದೀತೇ? ಅವನ ಕೈಗೆ ಪ್ರತಿಭೆಯಿತ್ತು, ಅವನು ಅದಾಗಲೇ ಓಟಗಳನ್ನು ಗೆದ್ದಿದ್ದ. ಆದರೆ ‘ಸಾವು’ ಎಂಬ ಪದದ ಭಾರವನ್ನು ಹದಿಮೂರರ ಹುಡುಗ ತೂಗಬಲ್ಲನೇ? ಅಂದು ಸಂಘಟಕರು ಉಳಿದ ಓಟಗಳನ್ನು ರದ್ದುಗೊಳಿಸಿದರು, ದೇಶವೇ ಮರುಗಿತು. ಮಗನನ್ನು ಕಳೆದುಕೊಂಡ ಆ ಮನೆಯ ಮೇಲೆ ತೀರ್ಪು ಕೊಡಲು ನಾವು ಯಾರು? ಪ್ರೀತಿಯಿಂದ ಮಗನ ಕನಸಿಗೆ ಹೆಗಲು ಕೊಟ್ಟ ತಂದೆತಾಯಿಗಳ ಮುಂದೆ ನಾವು ಮಾಡಬಹುದಾದ್ದು ಪ್ರಾರ್ಥನೆ ಮಾತ್ರ. ಆದರೆ ಆಟದ ನಿಯಮಗಳನ್ನು ಪ್ರಶ್ನಿಸುವುದು ತೀರ್ಪು ಕೊಟ್ಟಂತಲ್ಲ. 2021ರ ಒಂದೇ ವರ್ಷದಲ್ಲಿ ಯೂರೋಪಿನ ಮೋಟಾರ್ ಸೈಕಲ್ ಓಟಗಳಲ್ಲಿ 14, 15 ಮತ್ತು 19 ವರ್ಷದ ಮೂವರು ಸತ್ತ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ ಕನಿಷ್ಠ ವಯಸ್ಸನ್ನು ಏರಿಸಿ, 2023ರಿಂದ ವಿಶ್ವ ಸರಣಿಗೆ ಹದಿನೆಂಟು ತುಂಬಿರಬೇಕೆಂದು ವಿಧಿಸಿತು. ನಿಯಮ ಬದಲಾಗಲು ಮಕ್ಕಳು ಸಾಯಬೇಕಾಯಿತು ಎಂಬುದೇ ನಮ್ಮನ್ನು ಚುಚ್ಚಬೇಕಾದ ಮಾತು.

ತಂದೆತಾಯಿಗಳೇ, ಮಕ್ಕಳು ನಮ್ಮವರಲ್ಲ, ದೇವರು ನಮ್ಮ ಕೈಗೆ ಒಪ್ಪಿಸಿದವರು. ನಮ್ಮ ಈಡೇರದ ಆಸೆಗಳನ್ನು ಅವರ ಬೆನ್ನಿಗೆ ಕಟ್ಟಿ ಓಡಿಸುವ ಹಕ್ಕು ನಮಗಿಲ್ಲ. ಅವರ ನಿಜವಾದ ಕನಸನ್ನು ಬರೀ ನಮ್ಮ ಭಯದಿಂದ ಹಿಸುಕುವ ಹಕ್ಕೂ ಇಲ್ಲ. ಎರಡರ ನಡುವೆ ಇಕ್ಕಟ್ಟಾದ ದಾರಿಯೊಂದಿದೆ. ಮಗನ ಪ್ರತಿಭೆಯನ್ನು ಬೆಳೆಸುತ್ತಲೇ, ಪ್ರಾಣದ ವಿಷಯದಲ್ಲಿ ಅವನು ತಾನೇ ತೂಗಿ ನೋಡಬಲ್ಲ ವಯಸ್ಸು ಬರುವವರೆಗೆ ‘ತಡಿ’ ಎನ್ನುವುದು ಆ ದಾರಿ. ತಾಳಿದವನು ಬಾಳಿಯಾನು ಎಂದ ಹಿರಿಯರು ವೇಗವನ್ನು ಬಲ್ಲವರೇ ಆಗಿದ್ದರು. ಜಾತ್ರೆಯ ಬಂಡಿ ಓಟಕ್ಕೆ ಎತ್ತು ಹೂಡುವವರು ಎಳಗರುವಿನ ಹೆಗಲಿಗೆ ನೊಗ ಇಡುವುದಿಲ್ಲ.

ನೋಡುವವರ ಪಾಲು

ಇಲ್ಲಿಯವರೆಗೆ ಓಡುವವರ ಮಾತಾಯಿತು. ನೋಡುವವರ ಮಾತೇನು?

ಸಂತ ಅಗಸ್ಟೀನರು ತಮ್ಮ ಆತ್ಮಕಥೆಯಲ್ಲಿ ಅಲಿಪಿಯುಸ್ ಎಂಬ ಗೆಳೆಯನ ವಿಷಯ ಬರೆದಿದ್ದಾರೆ. ರೋಮಿನಲ್ಲಿ ಮನುಷ್ಯರು ಮನುಷ್ಯರನ್ನು ಕೊಲ್ಲುವ ಆಟವನ್ನು ಅಲಿಪಿಯುಸ್ ದ್ವೇಷಿಸುತ್ತಿದ್ದ. ಗೆಳೆಯರು ಎಳೆದುಕೊಂಡು ಹೋದಾಗ ಕಣ್ಣುಮುಚ್ಚಿ ಕುಳಿತ. ಜನ ಒಮ್ಮೆಲೇ ಭೋರ್ಗರೆದರು. ಏನಾಯಿತೆಂದು ಕಣ್ಣು ತೆರೆದ. ರಕ್ತ ಕಂಡಿತು. ಆಮೇಲೆ ಕಣ್ಣು ಮುಚ್ಚಲು ಅವನಿಂದ ಆಗಲಿಲ್ಲ. ಮುಂದೆ ತಾನೇ ಬೇರೆಯವರನ್ನು ಕರೆದೊಯ್ಯುವಷ್ಟು ಅದರ ದಾಸನಾದ.

ಇಂದಿನ ರೇಸ್ ಪಥ ರೋಮಿನ ಆ ಅಖಾಡವಲ್ಲ, ಯಾರ ಸಾವನ್ನೂ ಅಲ್ಲಿ ಯಾರೂ ಬಯಸುವುದಿಲ್ಲ. ಆದರೂ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಮೊಬೈಲಿನಲ್ಲಿ ನಾವು ಮತ್ತೆ ಮತ್ತೆ ನೋಡುವುದು ಚಾಲಕನ ಚಾತುರ್ಯವನ್ನೋ, ಕಾರು ಪಲ್ಟಿ ಹೊಡೆಯುವುದನ್ನೋ? ಹೆಚ್ಚು ಜನ ಒತ್ತುವುದು ಯಾವ ದೃಶ್ಯವನ್ನು? ನಾವು ಕೇಳಿದ್ದನ್ನೇ ಮಾರುವವರು ತಂದು ಕೊಡುತ್ತಾರೆ. ಈ ವ್ಯಾಪಾರದಲ್ಲಿ ಕೊಳ್ಳುವವನಿಗೂ ಪಾಲಿದೆ.

ಒಳ್ಳೆಯ ಸುದ್ದಿಯೂ ಇದೆ. ಇಮೋಲಾದ ಆ ಎರಡು ಸಾವುಗಳ ನಂತರ ಜಗತ್ತು ಸುಮ್ಮನಿರಲಿಲ್ಲ. ಪಥಗಳನ್ನು ತಿದ್ದಿದರು. 2003ರಿಂದ ಕುತ್ತಿಗೆಯನ್ನು ಕಾಯುವ ‘ಹ್ಯಾನ್ಸ್’ ಪಟ್ಟಿಯನ್ನೂ 2018ರಿಂದ ಚಾಲಕನ ತಲೆಯ ಮೇಲೆ ‘ಹೇಲೋ’ ಎಂಬ ಲೋಹದ ಕಮಾನನ್ನೂ ಫಾರ್ಮುಲಾ ಒನ್‌ನಲ್ಲಿ ಕಡ್ಡಾಯ ಮಾಡಿದರು. 2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ರೊಮೇನ್ ಗ್ರೋಜನ್ ಎಂಬ ಚಾಲಕನ ಕಾರು ತಡೆಗೋಡೆಯನ್ನು ಸೀಳಿ, ಎರಡು ತುಂಡಾಗಿ ಹೊತ್ತಿ ಉರಿಯಿತು. ಅರ್ಧ ನಿಮಿಷದೊಳಗೆ ಆತ ಬೆಂಕಿಯೊಳಗಿಂದ ಎದ್ದು ಬಂದ. ಆ ಕಮಾನು ಬೇಡವೆಂದು ಹಿಂದೆ ವಿರೋಧಿಸಿದ್ದ ಅವನೇ, ಅದಿಲ್ಲದಿದ್ದರೆ ಬದುಕಿರುತ್ತಿರಲಿಲ್ಲ ಎಂದು ಒಪ್ಪಿಕೊಂಡ. ಒಬ್ಬನ ಸಾವಿಗೆ ಕಣ್ಣೀರಿಟ್ಟು ಸುಮ್ಮನಾಗದೆ, ಮುಂದಿನವನು ಸಾಯದಂತೆ ಲೋಹವನ್ನು ಬಗ್ಗಿಸುವುದೂ ನೆರೆಯವನ ಮೇಲಿನ ಪ್ರೀತಿಯೇ.

ಮೆಹಕರದ ರಸ್ತೆಗೆ ಬರೋಣ

ಈಗ ಲೆಕ್ಕ ಹಾಕಿ ನೋಡಿ. ರೇಸ್ ಚಾಲಕನಿಗೆ ಹೆಲ್ಮೆಟ್ ಇದೆ, ಬೆಂಕಿ ತಾಗದ ಉಡುಪಿದೆ, ಎದೆ ಸೊಂಟ ಬಿಗಿದ ಪಟ್ಟಿಗಳಿವೆ. ಪಥದ ಬದಿಯಲ್ಲಿ ವೈದ್ಯರು, ಆಂಬ್ಯುಲೆನ್ಸ್ ಸಿದ್ಧವಾಗಿರುತ್ತವೆ. ಎದುರಿನಿಂದ ಯಾವ ಗಾಡಿಯೂ ಬರುವುದಿಲ್ಲ. ದನ ಅಡ್ಡಬರುವುದಿಲ್ಲ, ಶಾಲೆ ಬಿಟ್ಟ ಮಕ್ಕಳು ದಾಟುವುದಿಲ್ಲ. ಇಷ್ಟಿದ್ದೂ ಅವನು ಸಾಯುತ್ತಾನೆ.

ನಮ್ಮ ಹಳ್ಳಿಯ ಹುಡುಗನಿಗೆ ಇದರಲ್ಲಿ ಯಾವುದಿದೆ? ಬೈಕಿನ ಮೇಲೆ ಮೂವರು, ತಲೆ ಬೋಳು, ಕೈಯಲ್ಲಿ ಮೊಬೈಲು. ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರು, ಅದಕ್ಕೆ ಹಿಂದಿನ ದೀಪವಿಲ್ಲ. ಭಾಲ್ಕಿಯಿಂದ ಬೀದರಿನ ದೊಡ್ಡ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರ್, ಮೆಹಕರದಿಂದ ಇನ್ನೂ ದೂರ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಹತ್ತು ಸಾವುಗಳಲ್ಲಿ ಏಳಕ್ಕೆ ಮಿತಿಮೀರಿದ ವೇಗವೇ ಕಾರಣ. ಹೆಲ್ಮೆಟ್ ಇಲ್ಲದೆ ಸತ್ತವರೇ ಐವತ್ತು ಸಾವಿರ. ಜಗತ್ತಿನ ಎಲ್ಲ ರೇಸ್ ಪಥಗಳಲ್ಲಿ ಇದುವರೆಗೆ ಸತ್ತವರನ್ನೆಲ್ಲ ಕೂಡಿಸಿದರೂ ನಮ್ಮ ಒಂದು ವರ್ಷದ ಈ ಲೆಕ್ಕದ ಹತ್ತಿರ ಸುಳಿಯದು.

ಹೀಗಿರುವಾಗ ರೇಸ್ ಚಾಲಕನ ವೃತ್ತಿ ಪಾಪವೇ ಎಂದು ಕೇಳುವ ಮುನ್ನ, ಹದಿನಾರು ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಟ್ಟು “ಹೋಗಿ ಹಾಲು ತಗೊಂಡ್ ಬಾ” ಎನ್ನುವ ನಾವು ಏನು ಮಾಡುತ್ತಿದ್ದೇವೆ ಎಂದು ಕೇಳಬೇಕಲ್ಲವೇ? 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ತಂದೆತಾಯಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದೂ ಅಪರಾಧವೇ. ಕಾನೂನು ದಂಡ ಹಾಕುವುದು ಹಿಡಿದಾಗ. ಮನಸ್ಸಾಕ್ಷಿ ಯಾರೂ ಹಿಡಿಯದಿದ್ದಾಗಲೂ ಕೇಳುತ್ತದೆ. 2007ರಲ್ಲಿ ವ್ಯಾಟಿಕನ್ ವಾಹನ ಚಾಲಕರಿಗಾಗಿಯೇ ಹತ್ತು ಆಜ್ಞೆಗಳನ್ನು ಹೊರಡಿಸಿದಾಗ ಕೆಲವರು ನಕ್ಕರು. ಅದರ ಮೊದಲನೆಯದು ಮೋಶೆಗೆ ಕೊಟ್ಟದ್ದೇ: ಕೊಲ್ಲಬೇಡ. ಸಾವಿನ ಮನೆಗೆ ಹೋಗಿ ಬಂದವರು ನಗಲಾರರು.

ಬೀದರಿನವರಾದ ನಮಗೆ ಆಕಾಶದಲ್ಲೊಂದು ಪಾಠಶಾಲೆಯೇ ಇದೆ. ವಾಯುಪಡೆಯ ತರಬೇತಿ ವಿಮಾನಗಳು ದಿನವೂ ತಲೆಯ ಮೇಲೆ ಹಾರುತ್ತವೆ. ಗದ್ದೆಯಲ್ಲಿ ಕೆಲಸ ಮಾಡುವವರು ಕಣ್ಣಿಗೆ ಕೈ ಅಡ್ಡಹಿಡಿದು ನೋಡುತ್ತಾರೆ. ಆ ವಿಮಾನದಲ್ಲಿರುವ ಯುವಕ ರೇಸ್ ಚಾಲಕನಿಗಿಂತ ವೇಗವಾಗಿ ಹೋಗುತ್ತಿರುತ್ತಾನೆ. ಆದರೆ ತನ್ನಿಷ್ಟದಂತೆ ಒಂದು ಗುಂಡಿಯನ್ನೂ ಒತ್ತುವುದಿಲ್ಲ. ಹಾರುವ ಮುನ್ನ ಪಟ್ಟಿ ನೋಡುತ್ತಾನೆ, ಹವೆ ನೋಡುತ್ತಾನೆ, ಗುರು ಬೇಡವೆಂದರೆ ಇಳಿಯುತ್ತಾನೆ. 2019ರ ಫೆಬ್ರವರಿ 19ರಂದು ಬೀದರಿನಲ್ಲೇ ನೆಲೆಯಿದ್ದ ಸೂರ್ಯಕಿರಣ್ ತಂಡದ ಎರಡು ವಿಮಾನಗಳು ಯಲಹಂಕದಲ್ಲಿ ಡಿಕ್ಕಿಯಾಗಿ ಒಬ್ಬ ಅಧಿಕಾರಿ ಪ್ರಾಣ ತೆತ್ತರು. ಅಷ್ಟು ಶಿಸ್ತಿನ ಕೈಯಲ್ಲಿಯೂ ವೇಗ ಪ್ರಾಣ ಕೇಳುತ್ತದೆಂದಾದರೆ, ಶಿಸ್ತೇ ಇಲ್ಲದ ಕೈಯಲ್ಲಿ ಅದು ಏನು ಕೇಳೀತು?

ಆದ್ದರಿಂದ ಪ್ರಿಯ ಓದುಗರೇ, ರೇಸ್ ಚಾಲಕನಾಗುತ್ತೇನೆ ಎನ್ನುವ ಮಗನನ್ನು ಗದರಿಸಿ ಕೂರಿಸಬೇಡಿ. ಹತ್ತಿರ ಕರೆದು ಕುಳ್ಳಿರಿಸಿಕೊಳ್ಳಿ. ಈ ವೃತ್ತಿಗೆ ಎಷ್ಟು ವರ್ಷದ ಸಂಯಮ ಬೇಕು, ಎಷ್ಟು ಹಣ ಬೇಕು, ಎಷ್ಟು ಮಂದಿಯಲ್ಲಿ ಒಬ್ಬ ಮೇಲೇರುತ್ತಾನೆ ಎಂದು ಲೆಕ್ಕ ಹೇಳಿ. ಲೌಡಾ ಮಳೆಯಲ್ಲಿ ಕಾರಿನಿಂದ ಇಳಿದ ಕಥೆ ಹೇಳಿ. “ನಿನಗೆ ಹದಿನೆಂಟಾಗಲಿ, ಆಮೇಲೂ ಇದೇ ಮನಸ್ಸಿದ್ದರೆ ಕೂತು ಮಾತಾಡೋಣ. ಅಲ್ಲಿಯವರೆಗೆ ನಮ್ಮ ಊರ ರಸ್ತೆಯಲ್ಲಿ ನೀನು ನಿಧಾನ ಹೋಗುವುದನ್ನು ನಾ ನೋಡಬೇಕು” ಎನ್ನಿ. ಅವನಿಗೆ ಸಿಟ್ಟು ಬರಬಹುದು. ಬರಲಿ.

ಮತ್ತು ನಾಳೆ ಬೆಳಿಗ್ಗೆ ನೀವೇ ಭಾಲ್ಕಿಗೆ ಹೊರಡುವಾಗ ಗೂಟಕ್ಕೆ ನೇತುಹಾಕಿದ ಹೆಲ್ಮೆಟ್ಟನ್ನು, ಪೊಲೀಸರು ಇರಲಿ ಇಲ್ಲದಿರಲಿ, ಮಗನ ಕಣ್ಣೆದುರಿಗೇ ತಲೆಗೆ ಹಾಕಿಕೊಳ್ಳಿ.